ಹಿಂದೆ ನೀರು ಹಾಕುವವನು

“ನಮ್ಮ ಬೋರ್‌ವೆಲ್ ನೀರು ಕುಡ್ದು ನಮ್ಮ ನೆಲಕ್ಕೇ ಮಾಟ ಮಾಡ್ಸೋ ಹಲ್ಕಾ ನನ್ಮಕ್ಳು ಕಣಯ್ಯಾ ನೀವು! ಬಸ್ ಹತ್ಕೊಂಡು ಬಂದ್ಬಿಡ್ತಾರೆ, ಕಂಕುಳಲ್ಲೊಂದು ಚಾಪೆ, ಪಕ್ಕದಲ್ಲೊಂದು ಹೆಂಡ್ತಿ. ಇರೋಕೆ ಜಾಗ ಕೊಟ್ರೆ ಈ ಕೆಲ್ಸ!”

ಬೈರಣ್ಣನ ಗಂಟಲು ಬಿಳೇಕಹಳ್ಳಿಯ ಆ ಅಡ್ಡರಸ್ತೆಯ ಈ ತುದಿಯಿಂದ ಆ ತುದಿಗೆ ಕೇಳಿಸಿತು. ಬೆಳಗಿನ ಎಂಟು ಗಂಟೆ. ಹಾಲಿನ ಬೂತಿನ ಮುಂದಿದ್ದವರು ಪ್ಯಾಕೆಟ್ಟಿಗೆ ಚಾಚಿದ ಕೈ ಹಾಗೇ ಬಿಟ್ಟು ತಿರುಗಿ ನೋಡಿದರು. ಇಸ್ತ್ರಿ ಗಾಡಿಯವನು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. ವಾಕಿಂಗ್ ಮುಗಿಸಿ ಬರುತ್ತಿದ್ದ ಇಬ್ಬರು ಅಂಕಲ್‌ಗಳಿಗೆ ಮನೆ ಸೇರುವ ಅವಸರ ಇದ್ದಕ್ಕಿದ್ದಂತೆ ತಪ್ಪಿಹೋಯಿತು.

ಟಿಫನ್ ಡಬ್ಬಿ ಹಿಡಿದು ಮೆಟ್ಟಿಲಿಳಿಯುತ್ತಿದ್ದ ಗುರುಶಾಂತಪ್ಪ ಕೊನೆಯ ಮೆಟ್ಟಿಲ ಮೇಲೆ ನಿಂತುಬಿಟ್ಟ. ಹೆಸರಿನಲ್ಲಿರುವ ಶಾಂತಿ ಅವನಲ್ಲಿ ಬೇರೆಲ್ಲೂ ಇರಲಿಲ್ಲ. ರೋಣದ ಕಡೆಯವನು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಮಡಿವಾಳದ ಗ್ರಿಲ್ ಅಂಗಡಿಯಲ್ಲಿ ವೆಲ್ಡರ್. ಎಂಟು ತಿಂಗಳ ಹಿಂದೆ ಮದುವೆ, ಮದುವೆಯಾದ ಹನ್ನೊಂದನೇ ದಿನಕ್ಕೆ ಬೆಂಗಳೂರು, ಬಂದ ಮೇಲೆ ಇದು ಮೂರನೇ ಮನೆ. ಮೊದಲಿನೆರಡು ಮನೆಗಳನ್ನು ಅವನ ಬಾಯಿಯೇ ಖಾಲಿ ಮಾಡಿಸಿತ್ತು.

ಬೈರಣ್ಣ ಓನರ್. ಈ ಬೀದಿಯ ಅರ್ಧ ಒಂದು ಕಾಲಕ್ಕೆ ಅವನ ಅಪ್ಪನ ರಾಗಿ ಹೊಲವಾಗಿತ್ತಂತೆ. ಈಗ ಉಳಿದಿರುವುದು ಮೂರು ಅಂತಸ್ತಿನ ಈ ಮನೆ, ಅದರ ಪಕ್ಕಕ್ಕೆ ತಗಡಿನ ಬೇಲಿ ಹಾಕಿದ ಒಂದು ಖಾಲಿ ಸೈಟು. ಸಂಕ್ರಾಂತಿ ಕಳೆದ ಮೇಲೆ ಆ ಸೈಟಿನಲ್ಲಿ ಇನ್ನೊಂದು ಮನೆ ಎಬ್ಬಿಸಬೇಕೆಂಬ ಲೆಕ್ಕ ಬೈರಣ್ಣನದು. ಅಲ್ಲಿಯವರೆಗೆ ಅದರ ಮೂಲೆಯಲ್ಲಿ ಅವನ ತಾಯಿ ಸೊಣ್ಣಮ್ಮ ಹಾಕಿದ ನಾಲ್ಕು ಅವರೆ ಗಿಡ.

ಜನ ಸೇರಿದ್ದು ಆ ಅವರೆ ಗಿಡಗಳ ಮುಂದೆ.

ಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು, ಮೇಲೆ ಕುಂಕುಮ. ಸುತ್ತ ಚೆಲ್ಲಾಪಿಲ್ಲಿಯಾಗಿ ಮೊಸರನ್ನದಂಥದ್ದೇನೋ, ಎಳ್ಳು ಮೆತ್ತಿದ ರೊಟ್ಟಿಯ ಚೂರು, ಬದನೆಕಾಯಿಯ ಹೋಳು, ಅರ್ಧ ಚಂದ್ರನ ಆಕಾರದ ಕಂದು ಕಡುಬು. ಮೇಲೆ ಇರುವೆ ಸಾಲು. ನಿನ್ನೆ ಅಮಾವಾಸ್ಯೆ ಬೇರೆ.

“ಯಾರು ಕಳ್ಸಿದ್ದು ಹೇಳು. ನಮ್ ದಾಯಾದಿ ಗುಂಡಣ್ಣ ತಾನೆ? ಎಷ್ಟಕ್ಕೆ ಮಾಡ್ಕೊಂಡಿದ್ದೀಯ ಈ ಕೆಲ್ಸ?”

ಗುರುಶಾಂತನ ಕಣ್ಣು ಕಡುಬಿನ ಮೇಲೆ ನಿಂತಿತು. ಅಂಚನ್ನು ಒತ್ತೊತ್ತಾಗಿ ಚಿವುಟಿ ಮಡಚಿದ್ದರು. ಲೋಕದಲ್ಲಿ ಅಷ್ಟು ಒತ್ತಾಗಿ ಕಡುಬಿನ ಅಂಚು ಚಿವುಟುವ ಕೈ ಒಂದೇ ಇತ್ತು. ಅದು ಮೇಲಿನ ಮನೆಯಲ್ಲಿತ್ತು.

ಅವನಿಗೆ ಎಲ್ಲ ಗೊತ್ತಾಯಿತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಜನ ನೋಡುತ್ತಿದ್ದಾರೆ, ಹಲ್ಕಾ ಅನ್ನಿಸಿಕೊಂಡಾಗಿದೆ, ಕಿವಿ ಬಿಸಿಯಾಗಿದೆ. ಬಾಯಿಂದ ಬಂದದ್ದು ಬೇರೆಯೇ.

“ಯಾರಿಗ್ರೀ ಹಲ್ಕಾ ಅಂತೀರಿ? ನಮ್ದಲ್ಲ ಅದು! ನಮಗೇನ್ ಗೊತ್ತು ಯಾವ್ ಹುಚ್ಚರು ಒಗದು ಹೋಗ್ಯಾರೋ!”

“ಗುರು, ಒಂದ್ನಿಮಿಷ, ಈ ಕಡೆ ತಿರುಗಿ ಹೇಳು.” ಬೈರಣ್ಣನ ಮಗ ಮನೋಜ್ ಮೊಬೈಲು ಎತ್ತಿ ಹಿಡಿದಿದ್ದ. “ಫೇಸ್ ಕಾಣ್ಲಿ. ಗ್ರೂಪಿಗೆ ಹಾಕ್ತೀನಿ.”

ಮುಂದಿನದು ಗುರುಶಾಂತನ ಕೈಗೆ ಗೊತ್ತಾದಷ್ಟು ಮನಸ್ಸಿಗೆ ಗೊತ್ತಾಗಲಿಲ್ಲ. ಮನೋಜನ ಟೀ ಶರ್ಟಿನ ಕಾಲರು ಅವನ ಮುಷ್ಟಿಯಲ್ಲಿತ್ತು. ಇಸ್ತ್ರಿಯವನು, ಇಬ್ಬರು ಅಂಕಲ್‌ಗಳು ಸೇರಿ ಬಿಡಿಸಿದರು. ಬೈರಣ್ಣ ಕೊನೆಯ ಮಾತು ಹೇಳಿದ. “ಮಧ್ಯಾಹ್ನದೊಳ್ಗೆ ಖಾಲಿ ಮಾಡು.” ‘ಖಾಲಿ ಮಾಡು’ ಎಂಬ ಎರಡು ಪದ ಕಲಿಯುವುದಕ್ಕೆ ಈ ಊರಿನಲ್ಲಿ ಯಾರೂ ಶಾಲೆಗೆ ಹೋಗಬೇಕಿಲ್ಲ.

ಗುರುಶಾಂತ ತಿರುಗಿದ. ಮೆಟ್ಟಿಲ ನಡುವೆ ಯಲ್ಲವ್ವ ನಿಂತಿದ್ದಳು. ಅವನು ಮರೆತು ಬಂದಿದ್ದ ನೀರಿನ ಬಾಟಲಿ ಅವಳ ಕೈಯಲ್ಲಿತ್ತು.

ಅವಳು ಅವನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ಅವನಿಗೆ ಅಭ್ಯಾಸವಿತ್ತು. ಈ ನೋಟದಲ್ಲಿ ಸಿಟ್ಟಿರಲಿಲ್ಲ. ಸಂತೆಯಲ್ಲಿ ಪರಿಚಯದವರೆಂದು ಕೂಗಿ ಹತ್ತಿರ ಹೋದ ಮೇಲೆ ಬೇರೆ ಯಾರೋ ಎಂದು ಗೊತ್ತಾದಾಗ ನೋಡುತ್ತಾರಲ್ಲ, ಹಾಗಿತ್ತು. ಬಾಟಲಿಯನ್ನು ಮೆಟ್ಟಿಲ ಮೇಲಿಟ್ಟಳು. ಸೆರಗು ಎಳೆದುಕೊಂಡು ಮೇಲೆ ಹೋದಳು.

*

“ಯಲ್ಲೂ.”

ಒಂದೇ ರೂಮು, ಅದರ ಮೂಲೆಗೆ ಅಡುಗೆಕಟ್ಟೆ. ಎಲ್ಲಿ ನಿಂತರೂ ಒಬ್ಬರ ಉಸಿರು ಒಬ್ಬರಿಗೆ ತಾಗುವಷ್ಟು ಜಾಗ. ಅಂಥದ್ದರಲ್ಲಿ ಅವಳು ಎಷ್ಟು ದೂರದಲ್ಲಿದ್ದಳೆಂದರೆ, ಅವನು ಮತ್ತೊಮ್ಮೆ ಕರೆಯಲು ಗಂಟಲು ಸರಿಮಾಡಿಕೊಳ್ಳಬೇಕಾಯಿತು.

“ಯಲ್ಲೂ, ಏನ್ ಮಾಡಾಕತ್ತಿ?”

“ಕಾಣಂಗಿಲ್ಲೇನು? ಬ್ಯಾಗ್ ತುಂಬಾಕತ್ತೀನಿ.” ಎರಡು ಸೀರೆ, ಬಾಚಣಿಕೆ, ಅವ್ವ ಕೊಟ್ಟ ಇಳಕಲ್ಲಿನ ಕುಪ್ಪಸದ ಬಟ್ಟೆ. “ಒಂದೂವರಿಗೆ ಒಂದು ಬಸ್ ಐತಂತ.”

“ಅವ್ನೇನೋ ಖಾಲಿ ಮಾಡು ಅಂದ್ರ ಊರಿಗೇ ಹೋಗೂದೇನು? ಬಿಟಿಎಂನ್ಯಾಗ ಬ್ಯಾರೇ ರೂಮ್ ನೋಡ್ತೇನಿ. ಸಂಜೀ ಒಳಗ...”

“ಅವ್ರು ಅಂದಿದ್ದಕ್ಕ ಹೊಂಟಿಲ್ರಿ ನಾ.” ಅವಳು ಬ್ಯಾಗಿನ ಜಿಪ್ಪು ಎಳೆದಳು. ಅರ್ಧಕ್ಕೆ ಸಿಕ್ಕಿಕೊಂಡಿತು. ಬಿಟ್ಟಳು. “ನಿನ್ನೆ ಏನ್ ದಿನ ಇತ್ತು, ಹೇಳ್ರಿ ನೋಡೂಣು.”

ಅವನು ಸಿಕ್ಕಿಕೊಂಡ ಜಿಪ್ಪಿಗೆ ಕೈ ಹಾಕಿದ.

“ಬ್ಯಾಡ ಬಿಡ್ರಿ. ನಿನ್ನೆ ಸಂಜೀಕ ಏನ್ ಉಂಡ್ರಿ, ಅದನ್ನರ ಹೇಳ್ರಿ.”

ನಿನ್ನೆ ಕೆಲಸದಿಂದ ಬಂದವನು ತಟ್ಟೆ ಮುಂದೆ ಕೂತಿದ್ದ. ಎಡಗೈಯಲ್ಲಿ ಫೋನು. ಮೇಸ್ತ್ರಿ ಬೈದದ್ದನ್ನು ಹೇಳುತ್ತ ಹೇಳುತ್ತ ಉಂಡಿದ್ದ. ಸಜ್ಜಿ ಕಡುಬು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಪುಂಡಿಪಲ್ಲೆ. ಜೋಳ ನುಚ್ಚಿ ಮೊಸರು ಕಲೆಸಿದ ಬಾನ. ವರ್ಷಕ್ಕೊಮ್ಮೆ, ಒಂದೇ ಹಬ್ಬಕ್ಕೆ, ಅಷ್ಟೂ ಒಟ್ಟಿಗೆ ಆಗುವ ಅಡಿಗೆ. “ಚಲೋ ಆಗೇತಿ” ಎಂದು ಕೈ ತೊಳೆದಿದ್ದ.

“ಎಳ್ಳ ಅಮಾಸಿ,” ಎಂದ ಅವನು, ಇವತ್ತು.

“ಹೂಂ. ಇವತ್ತ ಗೊತ್ತಾತು.”

ಅವರ ಕಡೆ ಎಳ್ಳ ಅಮಾವಾಸ್ಯೆಗೆ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಚಕ್ಕಡಿ ಹೂಡಿಕೊಂಡು ಎಲ್ಲರೂ ಹೊಲಕ್ಕೆ. ಬೆಳೆ ತುಂಬಿ ನಿಂತ ಭೂಮಿ ಬಸುರಿ, ಅವಳಿಗೆ ಬಯಕೆಯೂಟ ಹಾಕಬೇಕು. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಒಬ್ಬರು ಮುಂದೆ ಮುಂದೆ ಅಡಿಗೆ ಎರಚುತ್ತ ಹೋದರೆ ಇನ್ನೊಬ್ಬರು ಹಿಂದೆ ಹಿಂದೆ ತಂಬಿಗೆ ಹಿಡಿದು ನೀರು ಹಾಕುತ್ತ ಬರಬೇಕು. ಮುಂದಿನವರು ‘ಹುಲ್ಲುಲ್ಲಿಗ್ಯೋ’ ಎಂದು ಕೂಗಿದರೆ ಹಿಂದಿನವರು ‘ಚಲ್ಲಂಬರಿಗ್ಯೋ’ ಎನ್ನಬೇಕು. ಒಬ್ಬರಿಂದ ಆಗುವ ಕೆಲಸವಲ್ಲ ಅದು. ಉಂಡವಳಿಗೆ ನೀರು ಕೊಡದಿದ್ದರೆ ಹೇಗೆ?

“ಆ ಸೈಟಿನ್ಯಾಗ ಅವರಿ ಹೂ ಬಿಟ್ಟಾವು,” ಎಂದಳು ಯಲ್ಲವ್ವ. “ದಿನಾ ಕಿಡಿಕ್ಯಾಗಿಂದ ನೋಡ್ತಿದ್ನಿ. ಈ ಊರಾಗ ನನಗ ಕಾಣೂ ಮಣ್ಣು ಅಂದ್ರ ಅದೊಂದ. ಓನರ್ ಮನಿ ಮಂದಿ ನಿನ್ನೆ ಮಧ್ಯಾಹ್ನ ನೆಂಟರ ಮನಿಗಿ ಹೋಗಿದ್ರು. ಒಬ್ಬಾಕಿನ ಹೋದ್ನಿ. ಹುಲ್ಲುಲ್ಲಿಗ್ಯೋ ಅಂತ ಬಾಯಾಗ ಅಂದ್ನಿ, ಯಾರರ ಕೇಳಿದ್ರ ನಗ್ತಾರಂತ. ಹಿಂದ ನೀರು ಹಾಕಾವರು ಇರಲಿಲ್ಲ.”

“ನನಗ ಹೇಳಬೇಕಿಲ್ಲೇನು?”

“ಹೇಳಿದ್ರ ಏನಂತಿದ್ರಿ? ಬ್ಯಾಡ ಯಲ್ಲೂ, ಓನರ್ ಬಾಯಿ ಮಾಡ್ತಾರು. ರೊಟ್ಟಿಗಿ ಅಂದಂಗ.”

ಅವನಿಗೆ ಚುಚ್ಚಿತು. ಅವಳು ಬಿಡಲಿಲ್ಲ.

“ಮಾಟ ಅಂದ್ರು ಅವ್ರು. ಅವ್ರಿಗಿ ಗೊತ್ತಿಲ್ಲ, ಅಂದ್ರು. ನಿಮಗ ಗೊತ್ತಿತ್ತಲ್ಲ? ಕಡುಬು ನೋಡಿದ ಕೂಡ್ಲೆ ನಿಮ್ಮ ಮಾರಿ ಹೆಂಗಾತು, ನಾ ಮ್ಯಾಲಿಂದ ನೋಡೀನಿ. ಗೊತ್ತಿದ್ದೂ ನಮ್ದಲ್ಲ ಅಂದ್ರಿ. ಹುಚ್ಚರು ಒಗದು ಹೋಗ್ಯಾರು ಅಂದ್ರಿ.”

“ಸಿಟ್ಟಿನ್ಯಾಗ ಬಂತು ಯಲ್ಲೂ...”

“ಸಿಟ್ಟು ಬಂದ್ರ ಇಂವ ಖರೇ ಮಾತಾಡ್ತಾನ ಅಂತ ಒಂದು ನಂಬಿಗಿ ಇತ್ತು ನನಗ. ಅದಕ್ಕ ನಿಮ್ಮ ಸಿಟ್ಟು ಸಹಿಸಿಕೊಂಡಿದ್ನಿ. ಇವತ್ತ ಅದೂ ಹೋತು.”

ಅವಳು ಹಿಟ್ಟಿನ ಡಬ್ಬಿ ಇಳಿಸಿದಳು. ಎಸರಿಗೆ ನೀರಿಟ್ಟಳು. “ಹಾದಿಗಿ ನಾಕು ರೊಟ್ಟಿ ಮಾಡ್ಕೋತೀನಿ. ನೀವ ಕೆಲಸಕ್ಕ ಹೋಗ್ರಿ. ತಡಾ ಆಗಾಕತ್ತೇತಿ.”

*

ಅವನು ಕೆಲಸಕ್ಕೆ ಹೋಗಲಿಲ್ಲ. ಮೆಟ್ಟಿಲ ಮೇಲೆ, ಅವಳು ಬಿಟ್ಟುಹೋದ ಬಾಟಲಿಯ ಪಕ್ಕ ಕುಳಿತ.

ರೊಟ್ಟಿಗೆ ಅಂದ ಹಾಗೆ.

ಹೆಣ್ಣು ನೋಡಲು ಹೋದ ದಿನ ಅವನು ಯಲ್ಲವ್ವನನ್ನು ನೋಡುವ ಮೊದಲು ಕೇಳಿದ್ದ. ಪಡಸಾಲೆಯಲ್ಲಿ ಹಿರಿಯರು ಮಳೆ, ಬೆಳೆ, ಚಹಾ ಎನ್ನುತ್ತ ಕುಳಿತಿದ್ದಾಗ ಒಳಗಿನಿಂದ ಸದ್ದು ಬರುತ್ತಿತ್ತು. ದಪ್, ದಪ್, ದಪ್. ನಡುನಡುವೆ ಬಳೆ. ಕಲ್ಲಿನ ಮೇಲೆ ರೊಟ್ಟಿ ತಿರುಗುವಾಗ ಒಂದು ಕ್ಷಣ ಮೌನ, ಮತ್ತೆ ದಪ್ ದಪ್. ಏನೂ ತಪ್ಪದ ತಾಳ. ಅವನ ಬೆರಳು ತಾನಾಗಿಯೇ ತೊಡೆಯ ಮೇಲೆ ಕುಣಿಯತೊಡಗಿತ್ತು.

ಆಮೇಲೆ ಅವಳು ಹೊರಗೆ ಬಂದಳು. ಹುಬ್ಬಿಗೆ ಹಿಟ್ಟು ಹತ್ತಿತ್ತು. ಅವನು ನಗು ತಡೆದುಕೊಂಡು ತನ್ನ ಹುಬ್ಬನ್ನು ಬೆರಳಿನಿಂದ ಒರೆಸಿ ತೋರಿಸಿದ. ಅವಳು ಒರೆಸಿಕೊಳ್ಳಲಿಲ್ಲ. ಹಿಟ್ಟು ಹತ್ತಿದ ಹುಬ್ಬನ್ನೇ ಮೇಲೆತ್ತಿ, ‘ಹತ್ತಿದ್ರ ನಿಮಗೇನು?’ ಎನ್ನುವಂತೆ ನೋಡಿದಳು. ಅಲ್ಲಿಗೆ ಅವನ ಕಥೆ ಮುಗಿದಿತ್ತು.

ಮದುವೆಯಾದ ಮೇಲೆ ಊರಲ್ಲಿದ್ದ ಹತ್ತು ದಿನ ಅವನು ಕಟ್ಟೆಯ ಮೇಲೆ ಕುಳಿತು ಪೆಟ್ಟು ಎಣಿಸುತ್ತಿದ್ದ. ದಾರಿಗೆ ಬುತ್ತಿ ಕಟ್ಟುವ ಖಡಕ್ ರೊಟ್ಟಿಯಾದರೆ ಕಾಗದದಷ್ಟು ತೆಳ್ಳಗೆ ಬಡಿಯಬೇಕು, ನಲವತ್ತು ಪೆಟ್ಟಿಗೆ ಕಡಿಮೆಯಿಲ್ಲ. ಕೂಡಲೇ ತಟ್ಟೆಗೆ ಬೀಳುವ ಬಿಸಿ ರೊಟ್ಟಿ ದಪ್ಪ, ಮೆತ್ತಗೆ. ಅದಕ್ಕೆ ಹದಿನೆಂಟು. “ಇವತ್ತ ಹದಿನೆಂಟು. ಅಂದ್ರ ನನಗ,” ಎಂದು ಒಳಗೆ ಹೋಗಿ ಕೂರುತ್ತಿದ್ದ. “ಕೆಲಸಿಲ್ಲ ಬೊಗಸಿಲ್ಲ, ರೊಟ್ಟಿ ಎಣಸ್ಕೋತ ಕುಂದರ್ತಾರ,” ಎಂದು ಅವಳು ಬೆಣ್ಣೆಯ ಮುದ್ದೆಯನ್ನು ಬೇಕೆಂದೇ ದೊಡ್ಡದು ಹಾಕುತ್ತಿದ್ದಳು.

ಬೆಂಗಳೂರಿನ ಈ ಮೂರನೇ ಮನೆಯಲ್ಲಿ ಆ ಸದ್ದು ಮೂರು ದಿನ ಬಾಳಿತು. ಮೂರನೇ ದಿನ ಕೆಳಗಿನಿಂದ ಮನೋಜನ ಹೆಂಡತಿ ದಿವ್ಯ ಮೇಲೆ ಬಂದಳು. ಕುತ್ತಿಗೆಗೆ ಹೆಡ್‌ಫೋನು. ಮನೆಯಿಂದಲೇ ಆಫೀಸು ಕೆಲಸ ಅವಳದು. “ಅಲ್ಲ ಅಕ್ಕ, ನಾನು ಕಾಲ್‌ನಲ್ಲಿದ್ರೆ ನಮ್ ಮ್ಯಾನೇಜರ್ ಕೇಳ್ತಾರೆ, ನಿಮ್ಮನೇಲಿ ಡ್ರಿಲ್ಲಿಂಗ್ ನಡೀತಿದ್ಯಾ ಅಂತ. ಪ್ಲೀಸ್ ಏನಾದ್ರೂ ಮಾಡಿ.” ಒಳ್ಳೆಯ ಹುಡುಗಿ, ನಗುತ್ತಲೇ ಹೇಳಿದಳು. ಎರಡು ಮನೆ ಕಳೆದುಕೊಂಡಿದ್ದ ಗುರುಶಾಂತ ಆ ದಿನ ಮಾತ್ರ ಜಗಳವಾಡಲಿಲ್ಲ. ಹೆಂಡತಿಗೆ ಹೇಳಿದ. “ಬಡೀಬ್ಯಾಡ ಯಲ್ಲೂ. ಲಟ್ಟಿಸು.”

ಅವಳು ಲಟ್ಟಿಸಿದಳು. ಲಟ್ಟಣಿಗೆ ಸದ್ದು ಮಾಡುವುದಿಲ್ಲ. ರೊಟ್ಟಿ ದುಂಡಗಿತ್ತು, ಬೆಂದಿತ್ತು, ರುಚಿಯೂ ಇತ್ತು. ಒಂದು ತುತ್ತು ತಿಂದು ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಬೇರೆ ಮಾತು ತೆಗೆದರು.

ಉಳಿದದ್ದಕ್ಕೆಲ್ಲ ಅವಳು ಅವನಿಗಿಂತ ಬೇಗ ಒಗ್ಗಿಕೊಂಡಳು, ಅದೇ ಅವನ ಹೊಟ್ಟೆಕಿಚ್ಚು. ಸೊಣ್ಣಮ್ಮ ಮೊದಲ ಸಲ ಕರೆದು ರಾಗಿ ಮುದ್ದೆ ಇಟ್ಟಾಗ ಗುರುಶಾಂತ ಹಲ್ಲು ಹಾಕಿ ಅಗಿದ. ಮುದ್ದೆ ಅಂಗುಳಕ್ಕೆ ಅಂಟಿ ಬಾಯಿ ಬಿಡಲಾಗಲಿಲ್ಲ. ಮನೋಜ್ ಬಿದ್ದು ಬಿದ್ದು ನಕ್ಕ. “ಅಗಿಬಾರ್ದು ಗುರು, ನುಂಗ್ಬೇಕು! ಚ್ಯೂಯಿಂಗ್ ಗಮ್ ಅಲ್ಲ ಅದು!” ಯಲ್ಲವ್ವ ಮಾತ್ರ ಗುಂಡಿಗೆ ಗಟ್ಟಿ ಮಾಡಿಕೊಂಡು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ, ಗುಳಕ್ಕನೆ ನುಂಗಿದಳು. ಕಣ್ಣು ಬಿಟ್ಟಾಗ ನೀರು ತುಂಬಿತ್ತು. ಆ ನೀರಿನೊಳಗಿನಿಂದಲೇ ಗಂಡನ ಕಡೆ ಗೆದ್ದ ನೋಟ ಬೀರಿದಳು. ಆ ನೋಟಕ್ಕೆ ಅವನು ಇನ್ನೆರಡು ಮುದ್ದೆ ಅಗಿಯಲೂ ತಯಾರಿದ್ದ.

ಅವರೆಕಾಯಿ ಕಾಲ ಬಂತು. ಕಾಳನ್ನು ನೀರಲ್ಲಿ ನೆನೆಸಿ ಒಂದೊಂದನ್ನೇ ಹಿದುಕಿ ಸಿಪ್ಪೆ ತೆಗೆಯುವುದನ್ನು ಸೊಣ್ಣಮ್ಮನ ಪಕ್ಕ ಕುಳಿತು ಕಲಿತಳು. ಅವನು ಜಯನಗರ ಫೋರ್ತ್ ಬ್ಲಾಕಿನ ಅಂಗಡಿಗಳನ್ನೆಲ್ಲ ಸುತ್ತಿ ಒಳ್ಳೆ ಬಿಳಿಜೋಳದ ಹಿಟ್ಟು ಹುಡುಕುತ್ತಿದ್ದರೆ ಅವಳು, “ಇರ್ಲಿ ಬಿಡ್ರಿ, ಮುದ್ದಿ ಮಾಡ್ತೇನಿ,” ಎನ್ನುತ್ತಿದ್ದಳು. ಊರು ನೆನೆದು ಬೈಯುತ್ತಿದ್ದವನು ಅವನು. ಈ ಊರಿನ ಸಾರಿನಲ್ಲಿ ಬೆಲ್ಲ, ಮಾತಿನಲ್ಲಿ ಬೆಲ್ಲ, ಬಾಡಿಗೆ ಮನೆಯಲ್ಲಿ ಮಾತ್ರ ವಿಷ ಎಂದು ಅಂಗಡಿಯಲ್ಲಿ ಕಿಡಿ ಹಾರಿಸುತ್ತ ಬೈಯುತ್ತಿದ್ದ.

ಊರನ್ನು ಬಾಯಲ್ಲಿ ಇಟ್ಟುಕೊಂಡವನು ಅವನು, ಕೈಯಲ್ಲಿ ಇಟ್ಟುಕೊಂಡವಳು ಅವಳು. ಬಡಿಯಬೇಡ ಎಂದದ್ದು ಅವನು. ನಮ್ಮದಲ್ಲ ಎಂದದ್ದೂ ಅವನು.

*

ಸೈಟಿನ ಮುಂದೆ ಇನ್ನೂ ಜನರಿದ್ದರು. ಸಮಸ್ಯೆ ಏನೆಂದರೆ, ಬಿದ್ದಿರುವುದನ್ನು ಮುಟ್ಟುವವರಿಲ್ಲ.

ರಸ್ತೆ ಗುಡಿಸುವ ಹೆಂಗಸು ಪೊರಕೆಯನ್ನು ಬೆನ್ನ ಹಿಂದೆ ಇಟ್ಟುಕೊಂಡು, “ನಾನ್ ಮುಟ್ಟಕ್ಕಿಲ್ಲ ಸಾಮಿ, ಮನೇಲಿ ಮಕ್ಳವ್ರೆ,” ಎಂದಳು. ಮನೋಜ್ ಒಂದು ಕೋಲು ತಂದ. ಕೋಲು ಹಿಡಿಯುವವರಿಲ್ಲ. ಬೈರಣ್ಣ ಫೋನಿನಲ್ಲಿ ಯಾರನ್ನೋ ಕರೆಸುತ್ತಿದ್ದ. “ಹೂಂ ಸ್ವಾಮಿ, ಐದು ಕಲ್ಲು... ಕಡುಬಿನ್ ತರ... ಮಧ್ಯಾಹ್ನ ಬರ್ತೀರಾ? ನಿಂಬೆಹಣ್ಣು ಎಷ್ಟು ಬೇಕು?” ಒಬ್ಬ ಅಂಕಲ್ ಕಡುಬನ್ನು ನೋಡಿ, ಒಳಗೆ ತಲೆಕೂದಲು ಇರುತ್ತದೆ, ತಾನು ಎಲ್ಲೋ ನೋಡಿದ್ದೇನೆ ಎಂದ.

ಒಳಗೆ ಬೆಲ್ಲ, ಎಳ್ಳು ಇತ್ತು. ಗುರುಶಾಂತ ನಿನ್ನೆ ಆರು ತಿಂದಿದ್ದ.

ಅವನು ಬಾಟಲಿ ಎತ್ತಿಕೊಂಡು ಎದ್ದ. ತಗಡಿನ ಬೇಲಿಯ ಹತ್ತಿರ ಬಂದಾಗ ಜನ ತಾವಾಗಿಯೇ ದಾರಿ ಬಿಟ್ಟರು. ಮನೋಜ್ ಕಾಲರು ಸರಿಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

“ಏನಯ್ಯಾ, ಮತ್ತೆ ಹೊಡಿಯೋಕ್ ಬಂದ್ಯಾ?” ಎಂದ ಬೈರಣ್ಣ ಫೋನು ಕಿವಿಯಿಂದ ತೆಗೆದು.

“ಇದು ನಮ್ದು,” ಎಂದ ಗುರುಶಾಂತ.

“ಏನು?”

“ಇದು ನಮ್ದ್ರೀ. ನನ್ನ ಹೇಣ್ತಿ ಮಾಡಿದ್ದು. ನಾ ಆಗ ಸುಳ್ಳು ಹೇಳ್ದೆ.” ಕಿವಿ ಮತ್ತೆ ಬಿಸಿಯಾಗಿತ್ತು. ಆದರೆ ಈ ಬಿಸಿ ಬೇರೆ. “ಚರಗ ಅಂತಾರ ಇದಕ್ಕ. ಬೆಳಿ ಬಂದ ಭೂಮಿಗಿ ಊಟ ಹಾಕೂದು. ಇಷ್ಟು ದೊಡ್ಡ ಊರಾಗ ಆಕಿಗಿ ಬೆಳಿ ಅಂತ ಕಂಡಿದ್ದು ಈ ನಾಕು ಅವರಿ ಗಿಡ. ನಿಮ್ಮವ್ವ ಹಾಕಿದ್ದು.”

ಅವನು ಬಗ್ಗಿ ಒಂದು ಕಡುಬು ಎತ್ತಿದ, ಇರುವೆ ಊದಿದ, ಬಾಯಿಗೆ ಹಾಕಿಕೊಂಡ. ರಸ್ತೆ ಗುಡಿಸುವ ಹೆಂಗಸು, “ಅಯ್ಯೋ ಮುಂಡೇದೇ!” ಎಂದಳು. ಅವನು ಅಗಿದ. ನಿಧಾನವಾಗಿ, ಎಲ್ಲರಿಗೂ ಕಾಣುವಂತೆ ಅಗಿದ.

“ಮಾಟ ಆಗಿದ್ರ ಮೊದ್ಲ ನನಗ ಹತ್ತಲಿ.”

ಆಮೇಲೆ ಬಾಟಲಿಯ ಮುಚ್ಚಳ ತೆಗೆದ.

ಅವಳು ಎಲ್ಲಿಂದ ಎಲ್ಲಿಗೆ ನಡೆದಿದ್ದಳೆಂದು ನೆಲದ ಮೇಲೆ ಬರೆದಿಟ್ಟ ಹಾಗಿತ್ತು. ಕಲ್ಲಿನಿಂದ ಹೊರಟು ಮೊದಲ ಗಿಡದ ಎಡಕ್ಕೆ, ಎರಡನೆಯದರ ಸುತ್ತ. ತೇವದ ಮಣ್ಣಿನಲ್ಲಿ ಒಂದೆರಡು ಕಡೆ ಅವಳ ಸಣ್ಣ ಪಾದದ ಗುರುತು ಉಳಿದಿತ್ತು. ಅವಳು ಒಬ್ಬಳೇ, ಬಾಯೊಳಗೇ ಕೂಗಿಕೊಂಡು ಹೋದ ದಾರಿ. ಆ ಗುರುತಿನ ಹಿಂದೆ ಅವನು ಹೆಜ್ಜೆ ಇಟ್ಟ. ಅಂಗೈಗೆ ನೀರು ಸುರಿದುಕೊಂಡು ಚಿಮುಕಿಸಿದ.

“ಚಲ್ಲಂಬರಿಗ್ಯೋ!”

ಧ್ವನಿ ಒಡೆದು ಕೀರಲಾಗಿ ಬಂತು. ಹಾಲಿನ ಬೂತಿನ ಹತ್ತಿರ ಯಾರೋ ಕಿಸಕ್ಕನೆ ನಕ್ಕರು. ಬೇರೆ ದಿನವಾಗಿದ್ದರೆ ಆ ನಗುವಿನ ಹಲ್ಲು ಎಣಿಸಿ ಬರುತ್ತಿದ್ದ. ಇವತ್ತು ಇನ್ನೊಂದು ಅಂಗೈ ನೀರು ತೆಗೆದುಕೊಂಡ.

“ಚಲ್ಲಂಬರಿಗ್ಯೋ!”

ಎರಡನೇ ಗಿಡ. ಮೂರನೇ ಗಿಡ. ಕೂಗು ದೊಡ್ಡದಾಯಿತು. ಕೊನೆಗೆ ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳಬೇಕಲ್ಲ, ಅಷ್ಟು ದೊಡ್ಡದಾಯಿತು. ಮೇಲಿನ ಕಿಟಕಿಗೆ ಕೇಳದಿರಲು ಸಾಧ್ಯವೇ ಇರಲಿಲ್ಲ. ಆದರೆ ಕಿಟಕಿಯಲ್ಲಿ ಯಾರೂ ಕಾಣಲಿಲ್ಲ. ಅವನು ಎರಡು ಸಲ ನೋಡಿದ. ಮೂರನೇ ಸಲ ನೋಡಲು ಧೈರ್ಯವಾಗಲಿಲ್ಲ.

ನಾಲ್ಕನೇ ಗಿಡಕ್ಕೆ ಬಾಟಲಿ ಖಾಲಿಯಾಯಿತು.

“ಏನ್ಲಾ ಅದು ಗಲಾಟೆ?” ಸೊಣ್ಣಮ್ಮ ಕೋಲೂರಿಕೊಂಡು ಹೊರಗೆ ಬಂದಿದ್ದಳು. ಎಪ್ಪತ್ತೈದು ದಾಟಿದ ಮುದುಕಿ, ಕಿವಿ ಸ್ವಲ್ಪ ಮಂದ. ಇಷ್ಟು ಹೊತ್ತಿನ ರಂಪ ಅವಳಿಗೆ ಈಗ ತಲುಪಿತ್ತು. ಬಗ್ಗಿ ನೋಡಿದಳು. ಕಲ್ಲು ನೋಡಿದಳು, ರೊಟ್ಟಿಯ ಚೂರು ನೋಡಿದಳು, ಒದ್ದೆಯಾದ ಅವರೆ ಗಿಡ ನೋಡಿದಳು.

“ಯಾರು, ಆ ಮೇಲ್ಮನೆ ಹುಡ್ಗಿ ಇಕ್ಕಿದ್ದಾ ಇದು?”

“ಮಾಟ ಕಣವ್ವಾ,” ಎಂದ ಬೈರಣ್ಣ. ಆದರೆ ಆ ಮಾತಿನಲ್ಲಿ ಬೆಳಗಿನ ದಮ್ಮು ಇರಲಿಲ್ಲ.

“ನಿನ್ ತಲೆ. ನನ್ ಗಿಡಕ್ಕೆ ಎಡೆ ಇಕ್ಕವ್ಳೆ. ಇದೇ ಜಾಗ್ದಲ್ಲಿ ಕಣ ಇತ್ತು. ನಿಮ್ಮಜ್ಜಿ ಸಗಣಿ ಬೆನಕನ್ನ ಮಾಡಿ, ಗರಿಕೆ ಸಿಕ್ಸಿ, ರಾಗಿ ರಾಶಿಗೆ ಎಡೆ ಇಕ್ಕದೆ ಒಂದ್ ಕಾಳು ಒಳಕ್ಕೆ ತರೋಕ್ ಬಿಡ್ತಿರ್ಲಿಲ್ಲ. ನೀನು ಆ ಎಡೆ ಕದ್ದು ತಿಂದು ಒದೆ ತಿಂದಿದ್ಯಲ್ಲೋ, ಮರ್ತ್ಬುಟ್ಯಾ?”

ಅಂಕಲ್‌ಗಳು ನಕ್ಕರು. ಇಸ್ತ್ರಿಯವನು ನಗು ಮುಚ್ಚಿಕೊಳ್ಳಲು ಗಾಡಿಯ ಕಡೆ ತಿರುಗಿದ. ಬೈರಣ್ಣನ ಮುಖ ಕೆಂಪಾಯಿತು. ಅಷ್ಟು ಜನರ ಮುಂದೆ ಸೋತವನಿಗೆ ಉಳಿದದ್ದು ಗಂಟಲೊಂದೇ. ಅದು ಹೇಗಿರುತ್ತದೆಂದು ಗುರುಶಾಂತನಿಗಿಂತ ಚೆನ್ನಾಗಿ ಗೊತ್ತಿದ್ದವರು ಆ ಬೀದಿಯಲ್ಲಿ ಯಾರಿದ್ದರು?

“ಅದೆಲ್ಲ ಇರ್ಲಿ! ಎಡೆ ಆದ್ರೆ ಎಡೆ. ಬೇಲಿ ದಾಟೋಕೆ ನನ್ನ ಕೇಳ್ಬೇಕಿತ್ತೋ ಇಲ್ವೋ? ನನ್ ಮಗನ ಕಾಲರ್ ಹಿಡ್ದಿದ್ದು? ನಾಲ್ಕು ಜನದ್ ಮುಂದೆ ತಪ್ಪಾಯ್ತು ಅನ್ನು. ಅಂದ್ರೆ ಇರು, ಇಲ್ಲಾಂದ್ರೆ ಗಂಟು ಕಟ್ಟು. ಏನಂತೀಯ?”

ಗುರುಶಾಂತನ ನಾಲಿಗೆಯ ಮೇಲೆ ಉತ್ತರ ಸಿದ್ಧವಿತ್ತು. ಒಂದಲ್ಲ, ಮೂರು. ಮೂರೂ ಕೇಳುವಂಥವಲ್ಲ. ಮಗ ಮೊಬೈಲು ಹಿಡಿದಿದ್ದಕ್ಕೊಂದು, ಹಲ್ಕಾ ಅಂದಿದ್ದಕ್ಕೊಂದು, ಚಾಪೆ ಹೆಂಡತಿ ಅಂದಿದ್ದಕ್ಕೊಂದು. ಅವನು ಬಾಯಿ ತೆರೆದ.

ದಪ್.

ಅವನ ಬಾಯಿ ತೆರೆದೇ ಇತ್ತು.

ದಪ್, ದಪ್, ದಪ್.

ಮೇಲಿನಿಂದ. ಲಟ್ಟಣಿಗೆಯಲ್ಲ. ಅಂಗೈ. ನಡುವೆ ಬಳೆ. ಈ ಮನೆಯಲ್ಲಿ ಲಟ್ಟಣಿಗೆ ಹಿಡಿದಂದಿನಿಂದ ಅವನು ಮರೆತೇಬಿಟ್ಟಿದ್ದೇನೆಂದು ಅಂದುಕೊಂಡಿದ್ದ ತಾಳ. ಕೆಳಗಿನ ಮನೆಯ ಕಿಟಕಿ ತೆರೆಯಿತು. ಹೆಡ್‌ಫೋನು ಕೈಯಲ್ಲಿ ಹಿಡಿದ ದಿವ್ಯ ತಲೆ ಹೊರಗೆ ಹಾಕಿ ಮೇಲೆ ನೋಡಿದಳು, ಏನೋ ಹೇಳಲು ಹೋಗಿ ಬೀದಿಯ ತುಂಬ ಜನ ನಿಂತಿರುವುದನ್ನು ಕಂಡು ತಲೆ ಒಳಗೆಳೆದುಕೊಂಡಳು.

ಹಾದಿಗೆ ನಾಲ್ಕು ರೊಟ್ಟಿ ಮಾಡ್ಕೋತೀನಿ ಎಂದಿದ್ದಳು. ಬುತ್ತಿಯ ರೊಟ್ಟಿ. ನಲವತ್ತು ಪೆಟ್ಟು.

ಅವನ ಬೆರಳು ತೊಡೆಯ ಮೇಲೆ ಚಲಿಸತೊಡಗಿತು. ಐದು. ಆರು. ಏಳು. ರೊಟ್ಟಿ ತಿರುಗುವ ಮೌನ. ಎಂಟು. ಒಂಬತ್ತು. ಎದೆ ಮುಂದೋಡಿ ಎಣಿಸುತ್ತಿತ್ತು, ಬೆರಳು ಹಿಂದೆ ಎಳೆಯುತ್ತಿತ್ತು.

“ಏನಯ್ಯಾ, ನಿನ್ನೇ ಕೇಳ್ತಿರೋದು!” ಬೈರಣ್ಣ ಹತ್ತಿರ ಬಂದ. “ಬೆಳಿಗ್ಗೆ ಆ ಪಾಟಿ ಬಾಯಿ ಇತ್ತು, ಈಗ ಮೂಗ ಆದ್ಯಾ?”

ಹದಿಮೂರು. ಹದಿನಾಲ್ಕು.

“ಊರು ಬಿಟ್ಟು ಬಂದೋರಿಗೆ ಇಷ್ಟು ಪೊಗರು ಇರ್ಬಾರ್ದು ಕಣೋ. ಬೊಗಳು!”

ಹದಿನಾರು. ಹದಿನೇಳು.

ಹದಿನೆಂಟು.

ಹತ್ತೊಂಬತ್ತನೆಯದಕ್ಕೆ ಅವನು ಉಸಿರು ಹಿಡಿದು ಕಾದ. ಬರಲಿಲ್ಲ. ಬದಲಿಗೆ ಹಂಚಿನ ಮೇಲೆ ರೊಟ್ಟಿ ಬಿದ್ದ ಚುಂಯ್ ಸದ್ದು, ಇಲ್ಲ, ಅಷ್ಟು ದೂರಕ್ಕೆ ಅದು ಕೇಳಿಸುವುದಿಲ್ಲ, ಆದರೂ ಕೇಳಿಸಿತು.

“ಲೋ, ಉತ್ತರ ಕೊಡೋ!”

ಗುರುಶಾಂತ ಖಾಲಿ ಬಾಟಲಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಬೈರಣ್ಣನ ಪಕ್ಕದಿಂದ, ಮನೋಜನ ಪಕ್ಕದಿಂದ, ಬಾಯಿ ತೆರೆದು ಕಾಯುತ್ತಿದ್ದ ಇಡೀ ಬೀದಿಯ ನಡುವಿನಿಂದ, ಒಂದು ಮಾತೂ ಆಡದೆ ಮೆಟ್ಟಿಲ ಕಡೆ ನಡೆದ. ರೊಟ್ಟಿ ಆರುವುದರೊಳಗೆ ಹೋಗಿ ಕೂರಬೇಕಿತ್ತು.